ಕೆಲಸಕ್ಕೆ ಹೇಗೆ ಹೋಗುತ್ತೇವೆ ಅನ್ನೋದಕ್ಕೂ ‘ನಾನು ಎಂಥವನು’ ಅನ್ನೋ ಭಾವನೆಗೂ ಸಂಬಂಧ ಇದೆಯಾ?

ಇದೆ, ನಾವು ಒಪ್ಪಿಕೊಳ್ಳುವುದಕ್ಕಿಂತ ಜಾಸ್ತಿನೇ ಇದೆ. ದುಡ್ಡು, ದೂರ, ಸಮಯ ಎಲ್ಲ ಲೆಕ್ಕಕ್ಕೆ ಬರುತ್ತವೆ, ನಿಜ. ಆದರೆ ಕಾರಿಗೆ ಅಂತಸ್ತೂ ಅಂಟಿಕೊಂಡಿರುತ್ತದೆ ಅಲ್ವಾ? ನೆದರ್‌ಲ್ಯಾಂಡ್ಸ್‌ನ ಮನಶ್ಶಾಸ್ತ್ರಜ್ಞೆ ಲಿಂಡಾ ಸ್ಟೆಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸಕ್ಕೆ ಕಾರಲ್ಲಿ ಹೋಗುವವರ ವಿಷಯದಲ್ಲಿ ಅನುಕೂಲಕ್ಕಿಂತ ಅಂತಸ್ತು ಮತ್ತು ಓಡಿಸುವ ಖುಷಿಯ ನಂಟೇ ಗಟ್ಟಿಯಾಗಿ ಕಂಡಿತು.

ಸೈಕಲ್ ತುಳಿಯುವವರನ್ನೇ ನೋಡಿ. ಕೆಲವರಿಗೆ ಅದು ಸುಮ್ನೆ ಒಂದು ವಾಹನ. ಇನ್ನು ಕೆಲವರು ‘ನಾನು ಸೈಕಲ್ ಮನುಷ್ಯ’ ಅಂತಲೇ ಹೇಳಿಕೊಳ್ಳುತ್ತಾರೆ. ಬೆಳಿಗ್ಗೆ ಜಡಿಮಳೆ ಹಿಡಿದರೆ ಮೊದಲನೆಯವರು ಬಸ್ ಹತ್ತುತ್ತಾರೆ, ಎರಡನೆಯವರು ರೇನ್‌ಕೋಟ್ ಹುಡುಕುತ್ತಾರೆ.

ಒಬ್ಬರಿಗೇ ಹಲವು ಗುರುತುಗಳಿರುತ್ತವೆ. ಪರಿಸರದ ಕಾಳಜಿ ಇರುವ ತಾಯಿಯೂ ಮಗುವನ್ನು ಶಾಲೆಗೆ ಬಿಟ್ಟು ಹೋಗಬೇಕಾದಾಗ ಕಾರಿನ ಕೀ ತೆಗೆದುಕೊಳ್ಳುತ್ತಾಳೆ. ರಾತ್ರಿ ಪಾಳಿ ಮುಗಿಸಿದ ಹೆಣ್ಣುಮಗಳು ಕತ್ತಲೆಯ ಬಸ್ ಸ್ಟಾಪ್ ತಪ್ಪಿಸುವುದನ್ನು, ಗಾಲಿಕುರ್ಚಿಯಲ್ಲಿರುವವರು ಮೆಟ್ಟಿಲಿರುವ ನಿಲ್ದಾಣ ಬಿಡುವುದನ್ನು ‘ಆಯ್ಕೆ’ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಅಭ್ಯಾಸ ಬೇರೂರಿದರೆ ನಂಬಿಕೆಯೂ ಸೋಲುತ್ತದೆ. ಮನಶ್ಶಾಸ್ತ್ರಜ್ಞ ಬಾಸ್ ವರ್ಪ್ಲಾಂಕನ್ ತಂಡದ 2008ರ ಅಧ್ಯಯನ ಇದನ್ನೇ ತೋರಿಸಿತು: ಪರಿಸರದ ಕಾಳಜಿ ಇದ್ದವರಲ್ಲಿ, ಆಗಷ್ಟೇ ಮನೆ ಬದಲಿಸಿದವರು ಕೆಲಸಕ್ಕೆ ಕಾರು ಬಳಸುವುದು ಕಡಿಮೆ ಇತ್ತು. ಜಾಗ ಬದಲಾದಾಗ ಹಳೆಯ ಅಭ್ಯಾಸ ಸಡಿಲವಾಗುತ್ತದೆ; ಹಾಗಾಗಿ ಬದಲಾಗಬೇಕು ಅನ್ನುವವರಿಗೆ ಹೊಸ ಮನೆ, ಹೊಸ ಕೆಲಸದ ಮೊದಲ ವಾರಗಳೇ ಒಳ್ಳೆಯ ಹೊತ್ತು.