ಭಾನುವಾರ ಬೆಳಿಗ್ಗೆ ಒದ್ದೆಯಾಗಿರುತ್ತಿದ್ದ ಬನಿಯನ್ನು

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಆಕೆ ನನ್ನ ಹತ್ತಿರ ಬಂದಿದ್ದು ಮಾವನವರ ಕಾಯಿಲೆ ಹೇಳಿಕೊಳ್ಳೋದಕ್ಕಲ್ಲ, ಬೇರೆ ಮನೆ ಮಾಡೋದು ಸರಿಯಾ ಅಂತ ಕೇಳೋದಕ್ಕೆ.

ಮಾವ ನಿವೃತ್ತ ಹೈಸ್ಕೂಲ್ ಮೇಷ್ಟ್ರು, 74 ವರ್ಷ. ಗಂಡ ಬೆಂಗಳೂರಿನಲ್ಲಿ ಕೆಲಸ, ತಿಂಗಳಿಗೊಮ್ಮೆ ಬರುತ್ತಾರೆ. ಅತ್ತೆ, ಮಾವ, ಎರಡು ಮಕ್ಕಳನ್ನು ನೋಡಿಕೊಳ್ಳೋದು ಈಕೆಯೇ. ನಾಲ್ಕು ತಿಂಗಳಿಂದ ಮಾವ ನಡುರಾತ್ರಿ ಎದ್ದು ಓಡಾಡುತ್ತಾರೆ. "ಸ್ಕೂಲಿಗೆ ಹೊತ್ತಾಯ್ತು" ಅಂತ ಬಾಗಿಲ ಚಿಲಕ ತೆಗೆಯುತ್ತಾರೆ. ತಡೆದರೆ ಸಿಟ್ಟು. ಒಂದು ರಾತ್ರಿ ಈಕೆಯನ್ನೇ ನೋಡಿ "ಕಳ್ಳಿ, ಬೀರು ಬೀಗದ ಕೈ ಕೊಡು" ಅಂತ ಕೂಗಿದರಂತೆ. ಮಕ್ಕಳು ಎದ್ದು ಕೂತಿದ್ದವು. ಬೆಳಿಗ್ಗೆ ಮಾವ ಏನೂ ಆಗದವರ ಹಾಗೆ ಪೇಪರ್ ಓದುತ್ತಿದ್ದರು.

"ಅವರಿಗೆ ನೆನಪಿಲ್ವಂತೆ. ಬೈಸಿಕೊಂಡ ನನಗೆ ನೆನಪಿದೆ," ಅಂದರು ಆಕೆ.

ಅತ್ತೆಯ ಪ್ರಕಾರ ಗಾಳಿ ಸೋಕಿದೆ, ತಾಯತ ಕಟ್ಟಿಸಿಯಾಗಿದೆ. ಗಂಡ ಫೋನಿನಲ್ಲಿ ಇದು ಮರೆವಿನ ಕಾಯಿಲೆ ಇರಬೇಕು ಅಂದಿದ್ದಾರೆ. ಈಕೆಗೆ ಮಾತ್ರ, ಒಳಗಿದ್ದ ದ್ವೇಷ ರಾತ್ರಿ ಹೊರಗೆ ಬರುತ್ತಿದೆ ಅಂತ ಅನಿಸಿತ್ತು.

ನಾನು ಕೇಳಿದ್ದು ಎರಡೇ ಪ್ರಶ್ನೆ. ಅವರಿಗೆ ಶುಗರ್ ಇದೆಯಾ? ಇದು ಯಾವ್ಯಾವ ದಿನ ಆಯ್ತು?

ಶುಗರ್ ಬಂದು 19 ವರ್ಷವಾಗಿದೆ. "ಆದರೆ ಅದು ಚೆನ್ನಾಗಿ ಕಂಟ್ರೋಲಲ್ಲಿದೆ, ಮೂರು ತಿಂಗಳ ಟೆಸ್ಟ್ 6.1 ಬಂದಿದೆ" ಅಂದರು. ಮನೆಯವರೆಲ್ಲ ದಾರಿ ತಪ್ಪಿದ್ದು ಇಲ್ಲೇ ಅಂತ ನನಗನಿಸುತ್ತದೆ. ಆ ಸಂಖ್ಯೆ ಮೂರು ತಿಂಗಳ ಸಕ್ಕರೆಯ ಸರಾಸರಿ, ಅಷ್ಟೇ. ಹಗಲು ಏರಿ ರಾತ್ರಿ ಪಾತಾಳಕ್ಕೆ ಇಳಿದರೂ ಸರಾಸರಿ ಚೆನ್ನಾಗೇ ಕಾಣುತ್ತದೆ. ಲ್ಯಾಬಿನವರು ರಕ್ತ ತೆಗೆಯೋದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಆಮೇಲೆ ತಿಂಡಿಯಾದ ಮೇಲೆ. ರಾತ್ರಿ ಎರಡೂವರೆಗೆ ಯಾರು ನೋಡುತ್ತಾರೆ?

ದಿನ ಹೇಳೋದಕ್ಕೆ ಆಕೆ ಫೋನಿನಲ್ಲಿದ್ದ ಮನೆಯ ಕ್ಯಾಲೆಂಡರಿನ ಫೋಟೋ ತೆಗೆದರು, ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಬರೆಯುವ ಕ್ಯಾಲೆಂಡರ್. ನೆನಪಿದ್ದ ಆರು ರಾತ್ರಿಗಳಲ್ಲಿ ನಾಲ್ಕು ಶನಿವಾರ, ಎರಡು ಏಕಾದಶಿ. ಮಾವನವರಿಗೆ ಶನಿವಾರ ಒಪ್ಪತ್ತು. ರಾತ್ರಿ ಸ್ವಲ್ಪ ಅವಲಕ್ಕಿ, ಅಷ್ಟೇ. ಆದರೆ ರಾತ್ರಿಯ ಶುಗರ್ ಮಾತ್ರೆ ಎಂದಿನಂತೆ ಪೂರ್ತಿ.

ಇದ್ದಕ್ಕಿದ್ದಂತೆ ಆಕೆ ಕೇಳಿದರು: "ಭಾನುವಾರ ಬೆಳಿಗ್ಗೆ ಅವರ ಬನಿಯನ್ನು, ದಿಂಬಿನ ಕವರು ಹಿಂಡಿದರೆ ನೀರು ಬರೋ ಹಾಗಿರುತ್ತೆ. ತಲೆನೋವು ಅಂತಲೂ ಅಂತಾರೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?" ಬಟ್ಟೆ ಒಗೆಯುವವರಿಗೆ ಮಾತ್ರ ಗೊತ್ತಾಗುವ ವಿಷಯ ಅದು.

ನಾನು ಡಾಕ್ಟರಲ್ಲ. ಆದರೆ ಶುಗರ್ ಮಾತ್ರೆ ತಗೊಳ್ಳುವವರಲ್ಲಿ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ಹಸಿವು ಶುರುವಾಗುತ್ತದೆ ಅಂತ ಗೊತ್ತು. ಇನ್ನೂ ಇಳಿದರೆ ಮಿದುಳಿಗೆ ಸಕ್ಕರೆ ಸಾಲದೆ ಮಾತು, ಸಿಟ್ಟು, ಗುರುತು ಎಲ್ಲ ಕೆಡುತ್ತದೆ. ವಯಸ್ಸಾದವರಲ್ಲಿ ಮುನ್ಸೂಚನೆ ಸರಿಯಾಗಿ ಕಾಣದೆ, ಗಲಿಬಿಲಿಯೇ ಮೊದಲು ಕಾಣಬಹುದು. ಹಾಗಾಗಿ ಅಂದೇ ಡಾಕ್ಟರಿಗೆ ಫೋನ್ ಮಾಡಿ, ಉಪವಾಸ ಬೇಡ, ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ, ಅವರನ್ನೇ ಕೇಳಿ ಅಂದೆ. ಕಪಾಟಿನಲ್ಲಿದ್ದ ಮೀಟರಿಗೆ ಹೊಸ ಸ್ಟ್ರಿಪ್ ತರಲು ಹೇಳಿದೆ, ಹಳೆಯದರ ಅವಧಿ ಮುಗಿದಿತ್ತು. ಮತ್ತೆ ಹಾಗಾದರೆ ವಾದ ಮಾಡಬೇಡಿ, ಮೊದಲು ಬೆರಳು ಚುಚ್ಚಿ ನೋಡಿ. ಕಡಿಮೆ ಇದ್ದು, ನುಂಗುವಷ್ಟು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ಅರ್ಧ ಲೋಟ ನೀರಿನಲ್ಲಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೆ ಅಷ್ಟೇ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಡಾಕ್ಟರು ಶುಕ್ರವಾರ ಬರಹೇಳಿದರು, ಅಲ್ಲಿಯವರೆಗೆ ಊಟ ಬಿಡಬಾರದು ಅಂದರು. ಗುರುವಾರ ಏಕಾದಶಿ. ನಲವತ್ತು ವರ್ಷದ ವ್ರತ, ಮಾವ ಕೇಳಲಿಲ್ಲ. ಅತ್ತೆ ರಾತ್ರಿಯ ಮಾತ್ರೆಯನ್ನೂ ಅಭ್ಯಾಸದಂತೆ ಕೊಟ್ಟುಬಿಟ್ಟಿದ್ದರು. ನಡುರಾತ್ರಿ 2.40ಕ್ಕೆ ಚಿಲಕದ ಸದ್ದು. ಮೀಟರಿನಲ್ಲಿ 46. ಒಂದು ಕೈಯಲ್ಲಿ ಅವರ ತೋಳು ಹಿಡಿದು, ಇನ್ನೊಂದರಲ್ಲಿ ಲೋಟ ಹಿಡಿದು ಕುಡಿಸಿದರಂತೆ. 15 ನಿಮಿಷಕ್ಕೆ 78. ಹಾಲು, ಬ್ರೆಡ್ಡು ಕೊಟ್ಟರು. ಆಗ ಮಾವ ಅವರ ಮುಖ ನೋಡಿ, "ಯಾಕಮ್ಮಾ, ಇನ್ನೂ ಮಲಗಿಲ್ವಾ?" ಅಂದರಂತೆ. ಇದನ್ನು ನನಗೆ ಫೋನಿನಲ್ಲಿ ಹೇಳುವಾಗ ಆಕೆ ಅಳುತ್ತಿದ್ದರು.

ಎಲ್ಲರಿಗೂ ಒಂದು ಪ್ರಶ್ನೆ ಇತ್ತು. ಇಷ್ಟು ವರ್ಷ ಇದೇ ಮಾತ್ರೆ, ಇದೇ ಒಪ್ಪತ್ತು. ಈಗ ಯಾಕೆ? ಉತ್ತರ ಸಿಕ್ಕಿದ್ದು ಕಿಡ್ನಿ ಟೆಸ್ಟಿನಲ್ಲಿ. ಕಿಡ್ನಿಯ ಶಕ್ತಿ ಕುಗ್ಗಿತ್ತು. ಅವರು ತಗೊಳ್ಳುತ್ತಿದ್ದ ಗ್ಲಿಮೆಪಿರೈಡ್ ಊಟ ಮಾಡಿದರೂ ಬಿಟ್ಟರೂ ಇನ್ಸುಲಿನ್ ಹೊರಡಿಸುತ್ತದೆ. ಕಿಡ್ನಿ ಸೋತವರಲ್ಲಿ ಅದರ ಕೆಲಸ ಇನ್ನೂ ಹೊತ್ತು ಎಳೆಯುತ್ತದೆ. ಡಾಕ್ಟರು ಅದನ್ನು ನಿಲ್ಲಿಸಿ ಬೇರೆ ಮಾತ್ರೆ ಕೊಟ್ಟರು. ಈ ವಯಸ್ಸಿನಲ್ಲಿ 6.1 ಬೇಕಾಗಿಲ್ಲ, ಸ್ವಲ್ಪ ಜಾಸ್ತಿ ಇದ್ದರೂ ಪರವಾಗಿಲ್ಲ ಅಂದರು. ವಿಟಮಿನ್ ಬಿ12 ಕೂಡ ಕಡಿಮೆ ಇತ್ತು. ಮೆಟ್‌ಫಾರ್ಮಿನ್ ಅನ್ನೋ ಇನ್ನೊಂದು ಶುಗರ್ ಮಾತ್ರೆ ಬಹಳ ವರ್ಷ ತಗೊಂಡ ಸಸ್ಯಾಹಾರಿಗಳಲ್ಲಿ ಇದು ಅಪರೂಪವಲ್ಲ. ಮಾವನವರಿಗಿದ್ದ ಪಾದದ ಜೋಮಿಗೆ ಅದೂ ಕಾರಣವಿರಬಹುದಂತೆ.

ಇಂಥ ಗಲಿಬಿಲಿ ಎಲ್ಲವೂ ಸಕ್ಕರೆ ಇಳಿದದ್ದರಿಂದಲೇ ಅಲ್ಲ ಅಂತ ಆ ಮನೆಯವರಿಗೂ ಹೇಳಿದೆ. ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿದರೆ ಅದು ಲಕ್ವ ಇರಬಹುದು. ಆಗ ಮೊದಲು 108, ಗಾಡಿ ಬರುವಷ್ಟರಲ್ಲಿ ಮೀಟರ್. ಮೂತ್ರದ ಸೋಂಕಿನಿಂದಲೂ ವಯಸ್ಸಾದವರು ಹೀಗೆ ಗಲಿಬಿಲಿಗೊಳ್ಳುತ್ತಾರೆ, ಜ್ವರ ಇಲ್ಲದೆಯೂ.

ಅತ್ತೆಗೆ ತಾಯತ ಬಿಚ್ಚಿ ಅಂತ ನಾನು ಹೇಳಲಿಲ್ಲ. ದಿಂಬಿನ ಪಕ್ಕ ಸಕ್ಕರೆ ಡಬ್ಬಿಯೂ ಇರಲಿ ಅಂದೆ. ಮಗನಿಗೆ, ಫೋನಿನಲ್ಲಿ ಕಾಯಿಲೆಯ ಹೆಸರು ಹೇಳೋದು ಬಿಟ್ಟು ಡಾಕ್ಟರ್ ಹತ್ತಿರ ಹೋಗುವ ದಿನ ರಜೆ ಹಾಕಿ ಬನ್ನಿ ಅಂದೆ.

ಕಷ್ಟವಾಗಿದ್ದು ಸೊಸೆಗೆ ಹೇಳೋದು. ಕಾರಣ ಸಿಕ್ಕಿದ ತಕ್ಷಣ ಮನೆಯವರೆಲ್ಲ "ಪಾಪ, ಶುಗರಿನಿಂದ ಆಗಿದ್ದು, ಮರೆತುಬಿಡು" ಅನ್ನತೊಡಗಿದ್ದರು. ನನಗೆ ಅದು ಸರಿ ಅನಿಸಲಿಲ್ಲ. ಬೈದವರಿಗೆ ಅರಿವಿರಲಿಲ್ಲ, ನಿಜ. ನಾಲ್ಕು ತಿಂಗಳು ನಿದ್ದೆಗೆಟ್ಟು, ಮಕ್ಕಳೆದುರು ಕಳ್ಳಿ ಅನ್ನಿಸಿಕೊಂಡವರ ನೋವೂ ಅಷ್ಟೇ ನಿಜ. ನಿಮಗೆ ಬೇಜಾರಾಗಿದ್ದು ತಪ್ಪಲ್ಲ, ಮಾವನವರ ಹತ್ತಿರವೇ ಅದನ್ನು ಹೇಳಬಹುದು ಅಂದೆ.

ಮೂರನೇ ಸಲ ಮಾವನವರೇ ಜೊತೆಗೆ ಬಂದರು. "ನಾನು ಏನೇನು ಅಂದೆ, ಹೇಳಮ್ಮಾ" ಅಂದರು. ಆಕೆ "ಬೇಡ ಬಿಡಿ ಮಾವ" ಅಂದರು. ಆಮೇಲೆ ಬೀಗದ ಕೈ ವಿಷಯ ಹೇಳಿದರು. ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದರು.

"ರಾತ್ರಿ ಅಂದಿದ್ದು ನೆನಪಿಲ್ಲ," ಅಂದರು ಕೊನೆಗೆ. "ಆದರೆ ದೀಪಾವಳಿಯಲ್ಲಿ ನಿನ್ನ ತವರಿನವರ ಬಗ್ಗೆ ಅಂದಿದ್ದು ಹಗಲು ಹೊತ್ತು, ಊಟ ಮಾಡಿದ ಮೇಲೆ. ಅದು ನೆನಪಿದೆ. ಅದಕ್ಕೆ ಮಾತ್ರೆಯ ನೆಪ ಹೇಳಲ್ಲ."