ಕೇಳಿ, ಹೇಳ್ತೀವಿ: ಹಳೇ ರಾಕ್, ಹೊಸ ಪ್ಲೇಟು

ಹೋದ ಸಂಚಿಕೇಲಿ ರೆಕಾರ್ಡ್ ಪ್ಲೇಯರ್ ಬಗ್ಗೆ ಎರಡು ಸಾಲು ಬರೆದಿದ್ದೇ ತಡ, ಮೈಸೂರು ಮಂಡ್ಯ ಕಡೆಯಿಂದ ಪತ್ರದ ಮೇಲೆ ಪತ್ರ. ಸುತ್ತಿ ಬಳಸಿ ಎಲ್ರೂ ಕೇಳ್ತಿರೋದು ಒಂದೇ, ಈಗ ಮತ್ತೆ ವಿನೈಲ್‌ನಲ್ಲಿ, ಅಂದ್ರೆ ಪ್ಲೇಟಿನ ರೂಪದಲ್ಲಿ ಬರ್ತಿರೋ ಹಳೇ ರಾಕ್ ಆಲ್ಬಂಗಳಿಗೆ ಅಷ್ಟು ದುಡ್ಡು ಸುರೀಬೋದಾ ಅಂತ. ಕೆಲವನ್ನ ಆರಿಸಿಕೊಂಡಿದೀನಿ, ಹೆಸರು ಬಿಟ್ಟು ಊರು ಮಾತ್ರ ಹಾಕಿದೀನಿ.

ಪ್ರಶ್ನೆ: ಸಾರ್, ನಮ್ಮಪ್ಪನ ಹತ್ರ ಪಿಂಕ್ ಫ್ಲಾಯ್ಡ್‌ದು 'ಡಾರ್ಕ್ ಸೈಡ್ ಆಫ್ ದ ಮೂನ್' ಹಳೇ ಎಲ್‌ಪಿ ಇದೆ, ಕಲ್ಕತ್ತಾ ಹತ್ರದ ದಮ್ ದಮ್ ಫ್ಯಾಕ್ಟರೀಲಿ ಮಾಡಿದ್ದು. ಕವರ್ ಮೂಲೆ ಎಲ್ಲಾ ಕಿತ್ತೋಗಿದೆ, ಹಾಕಿದ್ರೆ ಕರಕರ ಅನ್ನುತ್ತೆ. ಹೊಸದು, 180 ಗ್ರಾಂದು, ನಾಲ್ಕು ಸಾವಿರದ ಹತ್ರ ಹೇಳ್ತಿದಾರೆ. ತಗೊಳ್ಳಾ? (ಸರಸ್ವತಿಪುರಂ, ಮೈಸೂರು)

ಉತ್ತರ: ತಗೋಬೇಡಿ ಅಂತ ಹೇಳಲ್ಲ, ಅಪ್ಪನ ಪ್ಲೇಟನ್ನ ಸರಿಯಾಗಿ ತೊಳೆದು ಒಂದ್ಸಲ ಕೇಳದೆ ತಗೋಬೇಡಿ ಅಂತೀನಿ. ಆ 180 ಗ್ರಾಂ ಅನ್ನೋದನ್ನ ಮೊದ್ಲು ತಲೆಯಿಂದ ತೆಗೀರಿ. ಮಾಮೂಲಿ ಎಲ್‌ಪಿ 120ರಿಂದ 140 ಗ್ರಾಂ ಇರುತ್ತೆ, ಇದು ಸ್ವಲ್ಪ ದಪ್ಪ ಅಷ್ಟೇ, ಕೈಗೆ ತೂಕವಾಗಿ ಸಿಗುತ್ತೆ, ಬೇಗ ಸೊಟ್ಟಗಾಗಲ್ಲ ಅನ್ನೋದೂ ಇರ್ಬೋದು, ಆದ್ರೆ ಹಾಡು ಇರೋದು ಮೇಲಿನ ಗೀರಲ್ಲಿ ಕಣ್ರೀ, ಅಡಿಯಲ್ಲಿ ಎಷ್ಟು ಪ್ಲಾಸ್ಟಿಕ್ ಇದೆ ಅನ್ನೋದ್ರಲ್ಲಿ ಅಲ್ಲ.

ಈಗ ಟೆಸ್ಟ್ ಹೇಳ್ತೀನಿ ಕೇಳಿ. ಈ ಆಲ್ಬಂ ಶುರುವಾಗೋದೇ ಎದೆಬಡಿತದಿಂದ, ತುಂಬಾ ಮೆಲ್ಲಗೆ. ಅಲ್ಲಿ ಧೂಳಿದ್ರೆ, ಬೂಷ್ಟು ಹಿಡಿದಿದ್ರೆ ಎದೆಬಡಿತಕ್ಕಿಂತ ಮುಂಚೆ ಕಟಕಟಾನೇ ಕೇಳ್ಸುತ್ತೆ. ಆಮೇಲೆ 'ಟೈಮ್' ಹಾಡಿನ ಶುರುವಲ್ಲಿ ಗಡಿಯಾರಗಳೆಲ್ಲಾ ಒಟ್ಟಿಗೆ ಬಡ್ಕೊಳ್ತಾವಲ್ಲ (ಇಂಜಿನಿಯರ್ ಅಲನ್ ಪಾರ್ಸನ್ಸ್ ಅದನ್ನ ಗಡಿಯಾರದ ಅಂಗಡೀಲಿ ಹೋಗಿ ಒಂದೊಂದಾಗಿ ರೆಕಾರ್ಡ್ ಮಾಡ್ಕೊಂಡು ಬಂದಿದ್ದು), ಅಲ್ಲಿ ಎಷ್ಟೇ ಕರಕರ ಇದ್ರೂ ಗೊತ್ತಾಗಲ್ಲ, ಆದ್ರಿಂದ ಅದು ಕೇಳಿ ಚೆನ್ನಾಗಿದೆ ಅಂತ ತೀರ್ಮಾನ ಮಾಡ್ಬೇಡಿ. ನಿಜವಾದ ಪರೀಕ್ಷೆ ಮೊದಲನೇ ಸೈಡಿನ ಕೊನೇ ಹಾಡು, ಗಾಯಕಿ ಕ್ಲೇರ್ ಟೋರಿ ಮಾತೇ ಇಲ್ಲದೆ ಕೂಗಿ ಹಾಡೋದು. ಪ್ಲೇಟು ನಿಮಿಷಕ್ಕೆ 33 ಚಿಲ್ರೆ ಸುತ್ತು ಒಂದೇ ಸ್ಪೀಡಲ್ಲಿ ತಿರುಗುತ್ತೆ, ಹೊರಗಡೆ ಅಂಚಲ್ಲಿ ಸೂಜಿ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಓಡಿದ್ರೆ, ಲೇಬಲ್ ಹತ್ರ ಬರೋ ಹೊತ್ತಿಗೆ ಅದು ಅರ್ಧಕ್ಕಿಂತ ಕಮ್ಮಿ ಆಗೋಗಿರುತ್ತೆ. ಅಷ್ಟು ಕಮ್ಮಿ ಜಾಗದಲ್ಲಿ ಅಷ್ಟೇ ಸಂಗೀತ ತುಂಬ್ಬೇಕು, ಸವೆದ ಸ್ಟೈಲಸ್‌ಗೆ (ಅದೇ ಸೂಜಿಗೆ) ಅದನ್ನ ಓದಕ್ಕಾಗಲ್ಲ, ಆಯಮ್ಮ ಮೇಲಕ್ಕೆ ಹೋದಾಗೆಲ್ಲ ದನಿ ಒಡೆದೋಗುತ್ತೆ.

ಹಂಗೇ ಒಡೀತಾ ಇದ್ರೆ ಮೊದ್ಲು ಸ್ಟೈಲಸ್ ಬದಲಾಯಿಸಿ. ಹೊಸ ಸ್ಟೈಲಸ್‌ನಲ್ಲೂ ಅದೇ ಜಾಗದಲ್ಲಿ ಒಡೆದ್ರೆ, ಗೀರೇ ಹಾಳಾಗಿದೆ ಅಂತ ಅರ್ಥ, ಹಿಂದೆ ಯಾರೋ ಭಾರದ ಸೂಜಿ ಹಾಕಿ ಕೊರೆದಿದಾರೆ, ಅದಕ್ಕೆ ಮದ್ದಿಲ್ಲ. ಆಗ ಹೊಸದು ತಗೊಳ್ಳಿ, ನಿಶ್ಚಿಂತೆಯಿಂದ. ಪಿಂಕ್ ಫ್ಲಾಯ್ಡ್ ಆಲ್ಬಂಗಳು 2016ರಿಂದ ಮತ್ತೆ ವಿನೈಲ್‌ನಲ್ಲಿ ಬಂದ್ವಲ್ಲ, ಜೇಮ್ಸ್ ಗಥ್ರಿ, ಜೋಯಲ್ ಪ್ಲಾಂಟೆ, ಬರ್ನಿ ಗ್ರುಂಡ್‌ಮನ್ ಮೂರು ಜನ ಸೇರಿ ಹಳೇ ಅನಲಾಗ್ ಟೇಪಿಂದ ಮಾಡಿದ ಕೆಲಸ ಅದು, ಗಥ್ರಿ ಅಂತೂ ಆ ಬ್ಯಾಂಡಿನ ಜತೆ ದಶಕಗಟ್ಟಲೆ ಇದ್ದ ಮನುಷ್ಯ. ಅಪ್ಪನ ಪ್ಲೇಟನ್ನ ಮಾತ್ರ ಗುಜರಿಗೆ ಹಾಕ್ಬೇಡಿ ಮಾರಾಯ್ರೆ, ನಮ್ಮ ದಮ್ ದಮ್ ಪ್ಲೇಟುಗಳನ್ನ ಹುಡುಕಿಕೊಂಡು ಬರೋರು ಹೊರದೇಶದಲ್ಲೂ ಇದಾರೆ.

ಪ್ರಶ್ನೆ: ಅಣ್ಣಾ, 2002ರಲ್ಲಿ ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸು ಬೆಂಗಳೂರ್ಗೆ ಬಂದಾಗ ಪ್ಯಾಲೇಸ್ ಗ್ರೌಂಡ್‌ಗೆ ಹೋಗಿದ್ದೋನು ನಾನು, ಅವತ್ತಿಂದ ಹುಚ್ಚು ಹಿಡ್ದದೆ. ಈಗ ಟರ್ನ್‌ಟೇಬಲ್ ತಕ್ಕಂಡಿವ್ನಿ, ಮನೆ ಹೋಂ ಥಿಯೇಟರ್‌ಗೆ ಆಕ್ಸ್‌ನಲ್ಲಿ ಕೊಟ್ರೆ ಸೊಳ್ಳೆ ಗುಂಯ್ ಅಂದಂಗೆ ಅಂತದೆ, ಬೇಸೇ ಇಲ್ಲ. ಪ್ಲೇಟು ಡೂಪ್ಲಿಕೇಟಾ? (ಮಂಡ್ಯ)

ಉತ್ತರ: ಪ್ಲೇಟು ಚೆನ್ನಾಗೇ ಅದೆ ಕಣಣ್ಣ, ಮಧ್ಯದಲ್ಲಿ ಇರ್ಬೇಕಾದ ಒಂದು ಡಬ್ಬಿ ಇಲ್ಲ. ಪ್ಲೇಟ್ ಕೊರೆಯುವಾಗ್ಲೇ ಬೇಸನ್ನ ಬೇಕಂತಲೇ ಕಮ್ಮಿ ಮಾಡಿ, ಟ್ರೆಬಲ್ ಜಾಸ್ತಿ ಮಾಡಿ ಕೊರೀತಾರೆ, ಯಾಕಂದ್ರೆ ಬೇಸ್ ಇದ್ದಂಗೇ ಕೊರೆದ್ರೆ ಗೀರು ಅಗಲಕ್ಕೆ ಓಲಾಡಿ ಪಕ್ಕದ ಗೀರಿಗೆ ನುಗ್ಗುತ್ತೆ, ಒಂದು ಸೈಡಲ್ಲಿ ಇಪ್ಪತ್ತು ನಿಮಿಷ ಹಾಡು ಹಿಡಿಯೋದೇ ಇಲ್ಲ. ಯಾವುದನ್ನ ಎಷ್ಟು ಕಮ್ಮಿ ಎಷ್ಟು ಜಾಸ್ತಿ ಅನ್ನೋ ಲೆಕ್ಕಕ್ಕೆ ಆರ್‌ಐಎಎ ಕರ್ವ್ ಅಂತಾರೆ, 1954ರಿಂದ ಅದೇ ಸ್ಟ್ಯಾಂಡರ್ಡು. ಕೇಳುವಾಗ ಅದನ್ನ ಉಲ್ಟಾ ಮಾಡಿ ಸರಿಮಾಡೋದು ಫೋನೋ ಪ್ರೀಆಂಪ್, ನಾನು ಹೇಳಿದ ಡಬ್ಬಿ ಅದೇ. ಕಾರ್ಟ್ರಿಜ್‌ನಿಂದ (ಸೂಜಿ ಹಿಡ್ಕೊಂಡಿರೋ ಭಾಗ) ಬರೋ ಸಿಗ್ನಲ್ಲು ಬರೀ ಕೆಲವು ಮಿಲಿವೋಲ್ಟು, ಅದನ್ನೂ ಅದೇ ಎತ್ತಿ ಕೊಡ್ಬೇಕು. ಟರ್ನ್‌ಟೇಬಲ್ ಹಿಂದ್ಗಡೆ ಫೋನೋ, ಲೈನ್ ಅಂತ ಒಂದು ಸ್ವಿಚ್ ಇದೆಯಾ ನೋಡಿ. ಇದ್ರೆ ಆ ಡಬ್ಬಿ ಒಳಗೇ ಇದೆ ಅಂತ, ಲೈನಿಗೆ ತಳ್ಳಿ, ಮುಗೀತು. ಇಲ್ದಿದ್ರೆ ಬೇರೆ ತಗೋಬೇಕು, ಸಣ್ಣದೊಂದು ಸಾಕು, ಬೇಸ್ ಬಂದ್ಮೇಲೆ ಪಕ್ಕದ ಮನೆಯೋರು ಬಂದ್ರೆ ನನ್ನ ಹೆಸರು ಹೇಳ್ಬೇಡಿ.

ಪ್ರಶ್ನೆ: 'ಒರಿಜಿನಲ್ ಮಾಸ್ಟರ್ ಟೇಪಿಂದ' ಅಂತ ಸ್ಟಿಕ್ಕರ್ ಇದ್ರೆ ನಂಬಬಹುದಾ? ಡಿಜಿಟಲ್‌ನಿಂದ ಮಾಡಿದ ಎಲ್‌ಪಿ ಅಂದ್ರೆ ಸಿಡಿ ಕೇಳಿದ ಹಂಗೇ ಅಲ್ವಾ? (ಕುವೆಂಪುನಗರ, ಮೈಸೂರು)

ಉತ್ತರ: ಮಾಸ್ಟರ್ ಟೇಪ್ ಅಂದ್ರೆ ಸ್ಟುಡಿಯೋದ ಮೂಲ ಟೇಪು. ಸ್ಟಿಕ್ಕರ್ ಬರೆಯೋರು ಮಾರೋ ಜನ, ಅದನ್ನ ನೆನಪಿಟ್ಟುಕೊಂಡ್ರೆ ಸಾಕು. 2022ರಲ್ಲಿ ಅಮೆರಿಕದ ಮೊಬೈಲ್ ಫಿಡೆಲಿಟಿ ಅನ್ನೋ ಕಂಪನಿದು ದೊಡ್ಡ ಗಲಾಟೆ ಆಯ್ತು, ದುಬಾರಿ ಎಲ್‌ಪಿ ಮಾಡೋದಕ್ಕೇ ಹೆಸರಾದೋರು, ಕೊಂಡೋರೆಲ್ಲಾ ಪೂರ್ತಿ ಅನಲಾಗ್ (ಟೇಪಿಂದ ನೇರ ಪ್ಲೇಟಿಗೆ) ಅಂತ ನಂಬ್ಕೊಂಡಿದ್ರು, ನೋಡಿದ್ರೆ ವರ್ಷಗಳಿಂದ ಮಧ್ಯದಲ್ಲಿ ಡಿಜಿಟಲ್ ಕಾಪಿ ಬಳಸ್ತಿದ್ರು. ಕೇಸಾಯ್ತು, ಕೊಂಡೋರಿಗೆ ದುಡ್ಡು ವಾಪಸ್ ಕೊಡೋ ಮಟ್ಟಕ್ಕೆ ಹೋಯ್ತು. ಆದ್ರೆ ಇದರಲ್ಲಿ ನನಗೆ ಮಜಾ ಅನ್ಸಿದ್ದು ಏನಂದ್ರೆ ಅನಲಾಗ್ ಬಿಟ್ರೆ ಬೇರೇದು ಕಿವಿಗೇ ಹಾಕಲ್ಲ ಅಂತಿದ್ದ ಮಹಾ ಮಹಾ ಪಂಡಿತರೂ ಆ ಪ್ಲೇಟುಗಳನ್ನ ಹೊಗಳಿ ಹೊಗಳಿ ಕೇಳಿದ್ರು. ಅಂದ್ಮೇಲೆ ಡಿಜಿಟಲ್ ಆದ ತಕ್ಷಣ ಕೆಟ್ಟದು ಅಂತೇನಿಲ್ಲ, ಹೇಳದೆ ಮಾಡಿದ್ದು ತಪ್ಪು.

ಬೀಟಲ್ಸ್ ತಗೊಳ್ಳಿ. 2012ರಲ್ಲಿ ಬಂದ ಸ್ಟೀರಿಯೋ ಎಲ್‌ಪಿಗಳು ಡಿಜಿಟಲ್ ರೀಮಾಸ್ಟರ್‌ನಿಂದ ಕೊರೆದವು, 2014ರ ಮೋನೋ (ಎರಡೂ ಸ್ಪೀಕರಲ್ಲಿ ಒಂದೇ ದನಿ ಬರೋದು) ಸೆಟ್ಟು ಮಾತ್ರ ಡಿಜಿಟಲ್ ಮುಟ್ಟಿಸದೆ ನೇರ ಟೇಪಿಂದಲೇ ಕೊರೆದಿದ್ದು. ಕೇಳಿದ್ರೆ ಮೋನೋನೇ ಮೇಲು ಅನ್ಸುತ್ತೆ, ಅದಕ್ಕೆ ಅನಲಾಗ್ ಒಂದೇ ಕಾರಣ ಅಲ್ಲ, 'ಸಾರ್ಜೆಂಟ್ ಪೆಪ್ಪರ್ಸ್' ಕಾಲದಲ್ಲಿ ಬ್ಯಾಂಡಿನೋರು ಕೂತು ತಲೆ ಕೆಡಿಸಿಕೊಂಡು ಮಿಕ್ಸ್ ಮಾಡ್ಸಿದ್ದೇ ಮೋನೋನ. ಇನ್ನು ಲೆಡ್ ಝೆಪೆಲಿನ್ 2014ರಿಂದ ಬಂದಿದ್ದು ಹೈ ರೆಸಲ್ಯೂಶನ್ ಡಿಜಿಟಲ್‌ನಿಂದ ಕೊರೆದದ್ದು, ಆ ಬ್ಯಾಂಡಿನ ಗಿಟಾರಿಸ್ಟ್ ಜಿಮ್ಮಿ ಪೇಜ್ ತಾನೇ ಮುಂದೆ ನಿಂತು ಮಾಡಿಸಿದ್ದು, ಅದು ಚೆನ್ನಾಗಿಲ್ಲ ಅಂತ ಹೇಳೋಕೆ ನನಗಂತೂ ಬಾಯಿ ಬರಲ್ಲ. ನೀವು ಕೇಳ್ಬೇಕಾದ್ದು ಎರಡೇ, ಯಾವ ಟೇಪು, ಯಾರು ಕೊರೆದಿದ್ದು. ಇವೆರಡೂ ಎಲ್ಲೂ ಹಾಕದೆ ಬರೀ ಲಿಮಿಟೆಡ್ ಎಡಿಷನ್ ಅಂತ ಹೊಳೆಯೋ ಅಕ್ಷರದಲ್ಲಿದ್ರೆ ವಾಪಸ್ ಇಟ್ಬಿಡಿ.

ಪ್ರಶ್ನೆ: ನಮ್ಮ ಅಜ್ಜಿ ಮನೆಯ ಕಹಳೆ ಇರೋ ಗ್ರಾಮಫೋನ್ ರಿಪೇರಿ ಮಾಡ್ಸಿದೀವಿ. ಮಗ ಬೀಟಲ್ಸ್‌ದು 'ಅಬ್ಬಿ ರೋಡ್' ಹೊಸ ಎಲ್‌ಪಿ ತಂದು ಅದ್ರಲ್ಲೇ ಹಾಕ್ತೀನಿ ಅಂತ ಕೂತಿದಾನೆ. ಹಾಕ್ಬೋದಾ? (ಒಂಟಿಕೊಪ್ಪಲು, ಮೈಸೂರು)

ಉತ್ತರ: ಅಯ್ಯೋ ಮೇಡಂ, ಮೊದ್ಲು ಹೋಗಿ ಅವನ ಕೈಯಿಂದ ಪ್ಲೇಟ್ ಕಿತ್ಕೊಳ್ಳಿ! ಆ ಗ್ರಾಮಫೋನ್ ತಿರುಗೋದು ನಿಮಿಷಕ್ಕೆ 78 ಸುತ್ತು, ಅದರ ಉಕ್ಕಿನ ಮುಳ್ಳಿನ ಮೇಲೆ ಕೂರೋ ಭಾರ ನೂರು ಗ್ರಾಂ ದಾಟುತ್ತೆ. ಎಲ್‌ಪಿಗೆ ಬೇಕಾಗಿರೋದು ಎರಡು ಗ್ರಾಂ ಆಸುಪಾಸು. ಒಂದು ಸುತ್ತು ಸಾಕು, ಉಳುಮೆ ಆಗೋಗುತ್ತೆ. ಅದ್ರಲ್ಲಿ ಅಜ್ಜಿ ಕಾಲದ 78ರ ಪ್ಲೇಟುಗಳನ್ನೇ ಹಾಕಿ, ಅವು ಅರಗಿನವು, ಆ ಭಾರಕ್ಕೇ ಮಾಡಿರೋವು. ಅವನ್ನ ಒರೆಸೋಕೆ ಸ್ಪಿರಿಟ್ ಮಾತ್ರ ಮುಟ್ಟಿಸ್ಬೇಡಿ, ಅರಗು ಕರಗುತ್ತೆ.

ಹಂಗೇ ಆ ಪೆಟ್ಟಿಗೇಲಿ ಮೆಡ್ಟ್‌ನರ್ ಅಂತ ರಷ್ಯನ್ ಸಂಗೀತಗಾರನ ಪ್ಲೇಟ್ ಏನಾದ್ರೂ ಇದೆಯಾ ನೋಡಿ. 1940ರ ದಶಕದ ಕೊನೇಲಿ ಲಂಡನ್‌ನಲ್ಲಿದ್ದ ಆ ಸಂಗೀತಗಾರನ ಕೃತಿಗಳನ್ನ ಎಚ್‌ಎಂವಿ ಕೈಲಿ ರೆಕಾರ್ಡ್ ಮಾಡ್ಸಿದ್ದು ನಮ್ಮ ಜಯಚಾಮರಾಜ ಒಡೆಯರು, ಖರ್ಚು ಅವರದ್ದೇ. ಆತ ತನ್ನ ಮೂರನೇ ಪಿಯಾನೋ ಕಾನ್ಸರ್ಟೋನ ಮಹಾರಾಜರಿಗೇ ಅರ್ಪಿಸಿದ್ದಾನೆ. ರಾಕ್ ಅಲ್ಲ, ಗೊತ್ತು, ಆದ್ರೂ ಮೈಸೂರಿನೋರಾಗಿ ಇದನ್ನ ಹೇಳದೆ ಇರಕ್ಕಾಗಲ್ಲ.

ಪ್ರಶ್ನೆ: ಕಲರ್ ಪ್ಲೇಟು, ಫೋಟೋ ಇರೋ ಪ್ಲೇಟು ತಗೋಬೋದಾ? (ಮದ್ದೂರು)

ಉತ್ತರ: ಕಲರ್ ಪರ್ವಾಗಿಲ್ಲ. ಫೋಟೋ ಪ್ಲೇಟು ಗೋಡೆಗೆ ಚೆಂದ, ಕೇಳೋಕೆ ಹೋದ್ರೆ ಸುಯ್ ಅನ್ನುತ್ತೆ.

ಪ್ರಶ್ನೆ: ಮಳೆಗಾಲದಲ್ಲಿ ಪ್ಲೇಟಿಗೆ ಬಿಳೀ ಬೂಷ್ಟು ಬರುತ್ತೆ, ಏನ್ ಹಾಕಿ ತೊಳೀಬೇಕು? ಮತ್ತೆ ಇವು ಇಷ್ಟು ರೇಟ್ ಯಾಕೆ? (ಶ್ರೀರಂಗಪಟ್ಟಣ)

ಉತ್ತರ: ಡಿಸ್ಟಿಲ್ಡ್ ವಾಟರ್ ತಗೊಳ್ಳಿ, ಪಾತ್ರೆ ತೊಳೆಯೋ ಲಿಕ್ವಿಡ್ ಒಂದೇ ಒಂದು ಹನಿ, ಮೆತ್ತನೆ ಮೈಕ್ರೋಫೈಬರ್ ಬಟ್ಟೇಲಿ ಗೀರು ಹೋಗೋ ದಿಕ್ಕಲ್ಲೇ ಒರೆಸಿ, ಅಡ್ಡ ಉಜ್ಜಬೇಡಿ, ಲೇಬಲ್ ನೆನೆಸ್ಬೇಡಿ, ಆಮೇಲೆ ಬರೀ ನೀರಲ್ಲಿ ಇನ್ನೊಂದ್ಸಲ. ಬೋರ್‌ವೆಲ್ ನೀರು ಬೇಡವೇ ಬೇಡ, ಉಪ್ಪು ಗೀರಲ್ಲಿ ಕೂತ್ಕೊಂಡ್ರೆ ಬೂಷ್ಟಿಗಿಂತ ಕಷ್ಟ. ಪಾತ್ರೆ ಸ್ಟ್ಯಾಂಡಲ್ಲಿ ನೆಟ್ಟಗೆ ನಿಲ್ಸಿ ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ರೆ ಹಪ್ಪಳ. ಒಳಗಿನ ಹಳೇ ಪೇಪರ್ ಕವರ್ ಎಸೀರಿ, ಬೂಷ್ಟು ಇರೋದೇ ಅದ್ರಲ್ಲಿ, ತೊಳೆದ ಪ್ಲೇಟನ್ನ ಮತ್ತೆ ಅದಕ್ಕೇ ತುರುಕಿದ್ರೆ ಇನ್ನೊಂದು ಮಳೆಗೆ ವಾಪಸ್ ಬರುತ್ತೆ.

ರೇಟಿನ ಕಥೆ ಅಂದ್ರೆ, ಹೆಚ್ಚಿನವು ಹೊರಗಡೆಯಿಂದ ಬರ್ಬೇಕು, ಸಾಗಾಣಿಕೆ, ಕಸ್ಟಮ್ಸ್ ಎಲ್ಲಾ ನಿಮ್ಮ ತಲೆ ಮೇಲೆ. ಬೇಡಿಕೇನೂ ಏರಿದೆ, ಅಮೆರಿಕದಲ್ಲಿ 2022ರಲ್ಲಿ 4.1 ಕೋಟಿ ಎಲ್‌ಪಿ ಹೋಗಿವೆ, ಸಿಡಿ 3.3 ಕೋಟಿ, 1987ರಿಂದೀಚೆಗೆ ಎಲ್‌ಪಿ ಮುಂದೆ ಹೋಗಿದ್ದು ಅದೇ ಮೊದಲು. ಇದರ ಮಧ್ಯೆ 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೊಲೊ ಮಾಸ್ಟರ್ಸ್ ಸುಟ್ಟೋಯ್ತು. ಹಾಡನ್ನ ಮೊದಲು ಕೊರೆಯೋ ಲ್ಯಾಕರ್ ತಟ್ಟೆ ಮಾಡ್ತಿದ್ದೋರು ಪ್ರಪಂಚದಲ್ಲಿ ಇಬ್ಬರೇ, ಇವರು ಮತ್ತೆ ಜಪಾನಿನ ಒಬ್ರು, ಒಬ್ರು ಹೋದ್ರೆ ಭಾರವೆಲ್ಲಾ ಇನ್ನೊಬ್ರ ಮೇಲೇ.

ಪ್ರಶ್ನೆ: ಬೆಂಗಳೂರು ಸಂಡೇ ಬಜಾರಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕೋಣ ಅಂತಿದೀನಿ. ಏನ್ ನೋಡ್ಬೇಕು? (ಮಂಡಿ ಮೊಹಲ್ಲಾ, ಮೈಸೂರು)

ಉತ್ತರ: ಲೇಬಲ್ ಮತ್ತೆ ಕೊನೇ ಗೀರಿನ ಮಧ್ಯೆ ನುಣ್ಣಗಿರೋ ಜಾಗ ಇರುತ್ತಲ್ಲ, ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ಅಲ್ಲಿ ಗೀಚಿರೋದನ್ನ ಓದಿ. ನಂಬರ್ ಜತೆ ಕೆಲವು ಸಲ ಕೊರೆದೋನ ಇನಿಷಿಯಲ್ ಇರುತ್ತೆ. 1969ರ 'ಲೆಡ್ ಝೆಪೆಲಿನ್ 2' ಅಮೆರಿಕನ್ ಪ್ಲೇಟಲ್ಲಿ ಆರ್‌ಎಲ್ ಅಂತಿದ್ರೆ ಅದು ಬಾಬ್ (ಅಂದ್ರೆ ರಾಬರ್ಟ್) ಲುಡ್ವಿಗ್ ಕೊರೆದಿದ್ದು. ಬೇಸ್ ಎಷ್ಟು ಜೋರಾಗಿತ್ತು ಅಂದ್ರೆ ಅಗ್ಗದ ಪ್ಲೇಯರ್‌ಗಳಲ್ಲಿ ಸೂಜಿನೇ ಹಾರ್ತಿತ್ತಂತೆ, ಅದಕ್ಕೇ ಕಂಪನಿಯೋರು ಮತ್ತೆ ಬೇಸ್ ತಗ್ಗಿಸಿ ಕೊರೆಸಿದ್ರು, ಈಗ ಆ ಮೊದಲನೇದಕ್ಕೆ ಚಿನ್ನದ ಬೆಲೆ. ಅದು ನಿಮಗೆ ಸಿಗುತ್ತೆ ಅಂತ ನಾನು ಹೇಳ್ತಿಲ್ಲ. ಹಿಂಗೆ ಎಲ್ಲಾ ನೋಡೋಕೆ ಮುಂಚೆ ಪ್ಲೇಟನ್ನ ಹೊರಗೆ ತೆಗೆದು ಲೇಬಲ್ ಓದಿ, ಕವರ್ ಮೇಲೆ ಡೀಪ್ ಪರ್ಪಲ್ ಇದ್ದು ಒಳಗೆ ಭಜನೆ ಇರೋದು ಆ ರಸ್ತೇಲಿ ಹೊಸದೇನಲ್ಲ.