ಹೂತ ಕಸ ಗೊಬ್ಬರವಾಗುವುದಿಲ್ಲ

ಮೈಸೂರಿನ ಕುವೆಂಪುನಗರದ ಓದುಗರೊಬ್ಬರ ಪತ್ರ: ‘ಮಂಡ್ಯದ ಕಡೆ ನಮ್ಮಜ್ಜಿ ಮನೆಯ ಕಸವೆಲ್ಲ ತಿಪ್ಪೆಗೆ ಬಿದ್ದು ತಾನಾಗಿಯೇ ಗೊಬ್ಬರವಾಗುತ್ತಿತ್ತು. ನಗರದ ಹಸಿ ಕಸವನ್ನೂ ಹಾಗೇ ಹೂತುಬಿಟ್ಟರೆ ಸಾಲದೇ? ಮೊದಲು ಕಾಂಪೋಸ್ಟ್ ಮಾಡಿ, ಮಿಕ್ಕಿದ್ದನ್ನು ಹೂಳುವ ಎರಡೆರಡು ಕೆಲಸ ಯಾಕೆ?’

ಸಂಪಾದಕರ ಉತ್ತರ: ನಿಮ್ಮಜ್ಜಿಯ ತಿಪ್ಪೆಯಲ್ಲಿ ಸಗಣಿ, ಹುಲ್ಲು, ಬೂದಿ ಸಡಿಲವಾಗಿ ಬೀಳುತ್ತಿದ್ದವು. ಪ್ಲಾಸ್ಟಿಕ್ ಇರಲಿಲ್ಲ, ಗಾಳಿ ಆಡುತ್ತಿತ್ತು. ನಗರದ ಕಸವನ್ನು ಜೆಸಿಬಿಯಲ್ಲಿ ಒತ್ತಿ ಮೇಲೆ ಮಣ್ಣು ಎಳೆದರೆ ಒಳಗೆ ಉಸಿರೇ ಇರುವುದಿಲ್ಲ. ಗಾಳಿಯಿಲ್ಲದೆ ಕೊಳೆತ ಅನ್ನ, ತರಕಾರಿ ಸಿಪ್ಪೆ ಮೀಥೇನ್ ಬಿಡುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿಯುವ ಅನಿಲ. ಬೇಸಿಗೆಯಲ್ಲಿ ಕಸದ ಗುಡ್ಡಗಳು ಹೊತ್ತಿ ಉರಿಯಲು ಅದೂ ಒಂದು ಕಾರಣ. ಕೊಳೆತು ಬಸಿಯುವ ಕಪ್ಪು ನೀರು ಮಳೆಯ ಜೊತೆ ಸೇರಿ ಅಂತರ್ಜಲಕ್ಕೆ ಇಳಿಯುತ್ತದೆ. ಮೈಸೂರಿನ ಕಸ ಸೇರುವ ವಿದ್ಯಾರಣ್ಯಪುರಂನ ಸೂಯೇಜ್ ಫಾರಂ ಸುತ್ತ ವಾಸಿಸುವವರಿಗಂತೂ ಅದರ ವಾಸನೆಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕಾಂಪೋಸ್ಟ್ ಘಟಕದಲ್ಲಿ ನಡೆಯುವುದು ಬೇರೆಯೇ. ಕಸವನ್ನು ಉದ್ದನೆಯ ರಾಶಿ ಮಾಡಿ, ತೇವ ನೋಡಿಕೊಂಡು, ವಾರಕ್ಕೊಮ್ಮೆ ಮಗುಚುತ್ತಾರೆ. ಗಾಳಿ ಸಿಕ್ಕ ಸೂಕ್ಷ್ಮಜೀವಿಗಳ ಕೆಲಸದಿಂದ ರಾಶಿಯ ಒಳಗಿನ ಬಿಸಿ 55–60 ಡಿಗ್ರಿಗೆ ಏರುತ್ತದೆ. ಕೈ ಹಾಕಿದರೆ ತಡೆಯಲಾಗದ ಬಿಸಿ ಅದು. ರೋಗಾಣು, ಕಳೆಬೀಜ ಸಾಯುವುದು ಆ ಬಿಸಿಗೇ. ಒಂದೂವರೆ ತಿಂಗಳಲ್ಲಿ ರಾಶಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆಮೇಲೆ ಜರಡಿ ಹಿಡಿದು, ಮಿಕ್ಕ ಕಲ್ಲು, ಚೂರುಪಾರನ್ನು ಮಾತ್ರ ಹೂಳಬೇಕು. ಕೊಳೆಯುವ ಕಸವನ್ನು ಹೂಳಬಾರದೆಂದು ಕೇಂದ್ರ ಸರ್ಕಾರದ 2000ದ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು, 2016ರ ನಿಯಮಗಳೂ ಅದನ್ನೇ ಹೇಳಿದವು. ಹೀಗೆ ನೋಡಿದರೆ ಇದು ಎರಡು ಕೆಲಸವಲ್ಲ. ಮೊದಲನೆಯದನ್ನು ಬಿಟ್ಟರೆ ಎರಡನೆಯದಕ್ಕೆ ಜಾಗವೇ ಸಾಲದು.

ಬೆರಕೆ ಕಸದ ಕಾಂಪೋಸ್ಟಿನಲ್ಲಿ ಮಾತ್ರ ಗಾಜಿನ ಚೂರು, ಬ್ಯಾಟರಿಯ ಲೋಹದ ಅಂಶ ಉಳಿದುಬಿಡುತ್ತವೆ. ಬರಿಗಾಲಲ್ಲಿ ಗದ್ದೆಗೆ ಇಳಿದು ನಾಟಿ ಮಾಡುವ ಮದ್ದೂರು, ಪಾಂಡವಪುರದ ಹೆಂಗಸರ ಕಾಲಡಿಗೆ ಅದನ್ನು ಹಾಕಿ ಎಂದು ಯಾವ ಬಾಯಲ್ಲಿ ಹೇಳುವುದು? ಅಂಥದ್ದು ಹೊಲಕ್ಕೆ ಹೋಗದೆ ಗುಂಡಿಗೇ ಹೋಗಲಿ. ಆದರೂ ಕೊಳೆಯುವುದೆಲ್ಲ ಕೊಳೆತು ತಣ್ಣಗಾದ ಮೇಲೆ ಹೋಗಲಿ. ಆಗ ಅನಿಲವೂ ಕಡಿಮೆ, ಬಸಿಯುವ ನೀರೂ ಕಡಿಮೆ. ಸ್ವಚ್ಛನಗರಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಕಂಡ ನಮ್ಮೂರಿನಲ್ಲೂ ಬೆಳಿಗ್ಗೆ ಪೌರಕಾರ್ಮಿಕರು ಡೈಪರ್ ಬೆರೆತ ಬಕೆಟ್ಟನ್ನು ಕೈಯಲ್ಲಿ ಬೇರೆ ಮಾಡುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ನಿಮ್ಮ ಮನೆಯಲ್ಲೇ ಶುರು ಮಾಡುವುದಾದರೆ, ತೂತು ಕೊರೆದ ಹಳೆಯ ಡ್ರಮ್ಮು ಸಾಕು. ಒಂದು ಪಾಲು ಅಡುಗೆಮನೆಯ ಕಸಕ್ಕೆ ಎರಡು ಪಾಲು ಒಣ ಎಲೆ ಹಾಕಿ. ವಾಸನೆ ಬಂದರೆ ಇನ್ನಷ್ಟು ಎಲೆ ಸೇರಿಸಿ ಮಗುಚಿ. ಬೀದಿಯಲ್ಲಿ ಗುಡಿಸಿಟ್ಟ ಹೊಂಗೆ ಎಲೆಗೆ ಬೆಂಕಿ ಹಚ್ಚುವ ಮೊದಲು ಒಂದು ಚೀಲ ತುಂಬಿಟ್ಟುಕೊಳ್ಳಿ.